ಮಾವನ ಮೇಲೊಂದು ದೂರು

ಮಕ್ಕಳ ಜೊತೆ ಸೇವೆ ಮಾಡುವ ಪ್ರತಿಯೊಬ್ಬರ ಪೂರ್ವಾಪರವನ್ನೂ ಇನ್ನು ಮುಂದೆ ಪೊಲೀಸರಲ್ಲಿ ವಿಚಾರಿಸಲಾಗುವುದು ಎಂದು ಪಾಸ್ಟರ್ ಆರಾಧನೆಯ ಕೊನೆಗೆ ಓದಿದ ಭಾನುವಾರ, ಗು ಪನ್‌ಸೂ ಅವರು ಮನೆಗೆ ಬಂದು ಕೋಟು ಬಿಚ್ಚದೆಯೇ ಊಟಕ್ಕೆ ಕೂತರು.

"ನನ್ನ ವಿಷಯ ಪೊಲೀಸರ ಹತ್ರ ಕೇಳ್ತಾರಂತೆ," ಎಂದರು.

ಹೆಂಡತಿ ಓಕ್‌ಬುನ್ ಮೂಲಂಗಿ ಸಾರಿನ ಬಟ್ಟಲನ್ನು ಅವರ ಮುಂದೆ ಇಟ್ಟಳು. "ಕೇಳ್ಲಿ ಬಿಡಿ. ನೀವೇನು ಕದ್ದಿದ್ದೀರಾ?"

"ಕದ್ದಿಲ್ಲ ಅಂತಾನೇ ಸಿಟ್ಟು. ಕದ್ದಿದ್ರೆ ಯಾಕೆ ಸಿಟ್ಟು ಬರ್ತಿತ್ತು?"

ಪನ್‌ಸೂ ದುಡಿಯುವ ವಯಸ್ಸೆಲ್ಲ ಊರಿಂದೂರಿಗೆ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೆ ಚರ್ಚಿನ ವ್ಯಾನು ಅವರ ಕೈಗೆ ಬಂದಿತ್ತು. ಭಾನುವಾರ ಬೆಳಿಗ್ಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ತುಂಬಿಕೊಂಡು ಬರುವುದು, ಚರ್ಚಿನಲ್ಲಿ ಎಲ್ಲರಿಗೂ ಹಾಕುವ ಶಾವಿಗೆ ಊಟ ಮುಗಿದ ಮೇಲೆ ಮತ್ತೆ ಒಬ್ಬೊಬ್ಬರನ್ನೇ ಮನೆ ಬಾಗಿಲಿಗೆ ಇಳಿಸುವುದು. ಸಭೆಯ ಹಿರಿಯರಲ್ಲಿ ಅವರೂ ಒಬ್ಬರು. ಆದರೆ ಊರಿನ ಮಕ್ಕಳಿಗೆ ಅವರು ಹಿರಿಯರಲ್ಲ, ವ್ಯಾನಜ್ಜ.

"ಯಾರು ಕೇಳೋದು ಗೊತ್ತಾ ಅಜ್ಜ? ಅಮ್ಮನೇ," ಎಂದಳು ಮೊಮ್ಮಗಳು ಬೋರಾ. ಹನ್ನೊಂದರ ಹುಡುಗಿ, ಬಾಯಲ್ಲಿ ಅನ್ನ ಇರುವಾಗಲೇ ಮಾತು.

ಪನ್‌ಸೂ ಸೊಸೆಯ ಕಡೆ ನೋಡಿದರು. ಇನ್‌ಸೊನ್ ಊರಿನ ಶಿಶುವಿಹಾರದಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಇದು ವರ್ಷ ವರ್ಷ ಆಗುವ ಸಂಗತಿ. ಹಾಗಾಗಿ ಪಾಸ್ಟರ್ ಈ ಕೆಲಸವನ್ನು ಅವಳ ತಲೆಗೇ ಕಟ್ಟಿದ್ದರು.

"ನಾನಲ್ಲ ಮಾವ, ಪೊಲೀಸರೇ ನೋಡೋದು. ನೀವು ಒಪ್ಪಿಗೆ ಅಂತ ಸಹಿ ಹಾಕಿದ್ರೆ ನಾನು ಕಳಿಸ್ತೀನಿ ಅಷ್ಟೆ. ನನ್ನದೂ ಪ್ರತಿ ವರ್ಷ ಕಳಿಸ್ತಾರೆ."

"ನಿನ್ನದು ಸಂಬಳದ ಕೆಲಸ. ನಂದು ದೇವರ ಕೆಲಸ. ದೇವರಿಗೆ ನಾನು ಯಾರು ಅಂತ ಗೊತ್ತಿಲ್ವಾ?"

"ದೇವರಿಗೆ ಗೊತ್ತು, ಮಕ್ಕಳ ಅಪ್ಪ ಅಮ್ಮನಿಗೆ ಗೊತ್ತಾಗ್ಬೇಕಲ್ಲ."

ಮಗ ತೇಗ್ಯೂ ಮನೆಗಳ ನೆಲ ಬೆಚ್ಚಗಿಡುವ ಬಾಯ್ಲರ್ ರಿಪೇರಿ ಮಾಡುವವನು. ಚಳಿಗಾಲ ಕಳೆಯುವ ಹೊತ್ತಿಗೆ ಅವನಿಗೆ ಮಾತಿನ ಶಕ್ತಿಯೂ ಮುಗಿದಿರುತ್ತಿತ್ತು. ಅವನು ತಲೆ ಎತ್ತದೆ ಕಿಮ್ಚಿ ಉಪ್ಪಿನಕಾಯಿಯ ತಟ್ಟೆಯನ್ನು ಅಪ್ಪನ ಹತ್ತಿರ ಸರಿಸಿದ.

"ಹಾಕ್ರೀ ಸಹಿ," ಎಂದಳು ಓಕ್‌ಬುನ್. "ಇಲ್ದಿದ್ರೆ ಏನೋ ಇದೆ ಅಂತಾರೆ. ಇರೋದೇನು? ಆವತ್ತು ಕೆಂಪು ದೀಪ ದಾಟಿ ಬೈಸಿಕೊಂಡದ್ದು ಬಿಟ್ರೆ."

"ಅದು ಹಳದಿ ಇತ್ತು."

"ನಾನು ಮುಂದಿನ ಸೀಟಲ್ಲೇ ಕೂತಿದ್ದೆ."

ಆ ಮನೆಯಲ್ಲಿ ಪ್ರತಿ ಸಂಜೆ ಊಟವಾದ ಮೇಲೆ ಬೆಚ್ಚಗಿನ ನೆಲದ ಮೇಲೆ ಎಲ್ಲರೂ ಸುತ್ತ ಕೂತು ಪ್ರಾರ್ಥನೆ ಮಾಡುವುದು ಪದ್ಧತಿ. ಪನ್‌ಸೂ ಬಾಲ್ಯದಲ್ಲಿ ತಾಯಿಯ ಬಾಯಿಂದ ಕಲಿತ ಸ್ತುತಿಪದ್ಯಗಳನ್ನು ಕಣ್ಣುಮುಚ್ಚಿ ಹೇಳುತ್ತಿದ್ದರು. ಆಮೇಲೆ ಹೆಸರು ಹಿಡಿದು ಬೇಡುವುದು. ಮೊದಲು ಪಾಸ್ಟರ್, ಆಮೇಲೆ ಕಾಯಿಲೆಯವರು, ಆಮೇಲೆ ಮಗ ತೇಗ್ಯೂ, ಸೊಸೆ ಇನ್‌ಸೊನ್, ಮೊಮ್ಮಗಳು ಬೋರಾ, ಕೊನೆಗೆ ವ್ಯಾನಿನ ಮಕ್ಕಳು, ಯಾವ ಕ್ರಮದಲ್ಲಿ ಹತ್ತುತ್ತಾರೋ ಅದೇ ಕ್ರಮದಲ್ಲಿ. ಆ ದಿನವೂ ಹಾಗೇ ಮಾಡಿದರು. ಆಮೇನ್ ಎಂದ ಮೇಲೆ ಕಣ್ಣು ತೆರೆದು, "ತಾ ಇಲ್ಲಿ ಪೆನ್ನು," ಎಂದರು.

ಮಾರನೆಯ ದಿನ ಮಧ್ಯಾಹ್ನದೊಳಗೆ ಉತ್ತರ ಬಂತು. ಯಾವ ಅಪರಾಧವೂ ಇಲ್ಲ.

"ಇಷ್ಟೇನಾ?" ಎಂದು ಸೊಸೆಯ ಫೋನನ್ನು ದೂರ ಹಿಡಿದು ಓದಿದರು ಪನ್‌ಸೂ. "ಇಷ್ಟು ವರ್ಷ ನೆಟ್ಟಗೆ ಬದುಕಿದ್ದಕ್ಕೆ ಒಂದು ಸಾಲು?"

"ಸೊಟ್ಟಗೆ ಬದುಕಿದ್ರೆ ಉದ್ದ ಬರೀತಿದ್ರು ಮಾವ."

ಅವರು ನಕ್ಕರು. ಆಗ ಮನೆಯಲ್ಲಿ ಇನ್ನೂ ನಗು ಇತ್ತು.

*

ತರಬೇತಿ ನಡೆದದ್ದು ಮೆಣಸಿನ ಸಸಿ ನೆಡುವ ವಾರದಲ್ಲಿ. ಶನಿವಾರ ಗದ್ದೆ ಬಿಟ್ಟು ಯಾರು ಬರುತ್ತಾರೆ ಎಂದು ಗೊಣಗಿದವರೆಲ್ಲ ಬಂದರು, ಏಕೆಂದರೆ ಬರದವರು ಮಕ್ಕಳ ಸೇವೆಗೆ ನಿಲ್ಲುವಂತಿಲ್ಲ ಎಂದು ಪಾಸ್ಟರ್ ಹೇಳಿದ್ದರು. ಚರ್ಚಿನ ಊಟದ ಹಾಲಿನಲ್ಲಿ ಬೆಂಚು ಹಾಕಿದ್ದರು. ಅಡುಗೆಮನೆಯ ಕಿಟಕಿಯಾಚೆ ಓಕ್‌ಬುನ್ ಮತ್ತು ಇತರ ಹೆಂಗಸರು ಶಾವಿಗೆಗೆ ಒಣಮೀನಿನ ಸಾರು ಕುದಿಸುತ್ತಿದ್ದರು. ಪಟ್ಟಣದಿಂದ ಬಂದ ಟೀಚರು ಚಿಕ್ಕ ವಯಸ್ಸಿನವಳು, ಮೆಲುದನಿ. ಹಿಂದಿನ ಬೆಂಚಿನ ಮುದುಕರು ಮೊದಲೇ ತೂಕಡಿಸಲು ತಯಾರಾಗಿ ಗೋಡೆಗೆ ಒರಗಿದ್ದರು.

"ಪೊಲೀಸರ ಉತ್ತರ ಬಂತು, ಎಲ್ಲರೂ ಒಳ್ಳೆಯವರು, ಮುಗೀತು ಅಂದ್ಕೋಬೇಡಿ," ಎಂದಳು ಅವಳು. "ಮಕ್ಕಳಿಗೆ ತೊಂದರೆ ಕೊಟ್ಟವರಲ್ಲಿ ಎಷ್ಟೋ ಜನರ ಹೆಸರು ಯಾವ ಠಾಣೆಯಲ್ಲೂ ಇರಲ್ಲ. ಎಲ್ಲರೂ ಇಷ್ಟಪಡೋ ಮನುಷ್ಯರೇ ಆಗಿರ್ತಾರೆ. ಮುಖ ನೋಡಿ ಹೇಳೋಕಾಗಲ್ಲ. ಅದಕ್ಕೇ ಮುಖ ನೋಡದ ನಿಯಮ ಬೇಕು."

ದೊಡ್ಡವರು ಯಾರೇ ಆಗಲಿ ಬೇರೆಯವರ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ತರಗತಿಯ ಬಾಗಿಲು ತೆರೆದಿರಬೇಕು. ವ್ಯಾನಿನಲ್ಲಿ ಕೊನೆಯ ಮಗು ಇಳಿಯುವ ತನಕ ಇಬ್ಬರು ದೊಡ್ಡವರು ಇರಬೇಕು.

ಪನ್‌ಸೂ ಕೈ ಎತ್ತಿದರು. "ನನ್ನ ಹೆಂಡ್ತಿ ಬರ್ತಾಳೆ ನನ್ನ ಜೊತೆ. ಇಬ್ಬರಾಯ್ತಲ್ಲ."

"ಗಂಡ ಹೆಂಡತಿ ಇಬ್ಬರಲ್ಲ ಹಿರಿಯರೇ. ಒಬ್ಬರು ಅಂತಲೇ ಲೆಕ್ಕ."

"ಯಾಕೆ?"

"ಒಬ್ಬರ ತಪ್ಪನ್ನ ಇನ್ನೊಬ್ಬರು ಮುಚ್ಚಿಡಬಹುದಲ್ಲ."

ಅಡುಗೆಮನೆಯ ಕಿಟಕಿಯಿಂದ ಸೌಟು ಹಿಡಿದ ಕೈ ಹೊರಗೆ ಬಂತು. "ನಾನಾ? ಇವರದ್ದು ಮುಚ್ಚಿಡೋದಾ? ಇವರು ಕಾಲುಚೀಲ ಎಲ್ಲೆಲ್ಲಿ ಬಿಚ್ಚಿ ಎಸೀತಾರೆ ಅಂತ ಇಡೀ ಊರಿಗೇ ಹೇಳಿದ್ದೀನಿ!"

ತೂಕಡಿಸುತ್ತಿದ್ದವರೂ ಎದ್ದು ನಕ್ಕರು. ಪಾಸ್ಟರ್ ಕೂಡ ಸುಮ್ಮನಿರಲಿಲ್ಲ. "ನಿಮ್ಮ ಮದುವೆ ದಿನ ಹಳೇ ಪಾಸ್ಟರ್ ಹೇಳಿದ್ರಲ್ಲ ಹಿರಿಯರೇ, ಇನ್ಮೇಲೆ ನೀವು ಇಬ್ಬರಲ್ಲ, ಒಬ್ಬರು ಅಂತ. ಆವತ್ತು ತಲೆಯಾಡಿಸಿದ್ರಿ."

"ಅದು ಸ್ವರ್ಗದ ಲೆಕ್ಕ ಅಂದ್ಕೊಂಡಿದ್ದೆ. ವ್ಯಾನಿಗೂ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಕೊನೆಯ ನಿಯಮ ಚಿಕ್ಕದು. ಇವುಗಳಲ್ಲಿ ಒಂದು ಮುರಿದದ್ದು ಯಾರ ಗಮನಕ್ಕೆ ಬಂದರೂ ಅವರು ಅದೇ ದಿನ, ಇನ್‌ಸೊನ್ ಕೂಡ ಇದ್ದ ಚರ್ಚಿನ ಮಕ್ಕಳ ಸಮಿತಿಗೆ ತಿಳಿಸಬೇಕು. ಮುರಿದವರು ಯಾರಾದರೂ ಸರಿ, ಕಾರಣ ಏನಾದರೂ ಸರಿ. ಹಿರಿಯರು ಕೈ ಎತ್ತಿ ಒಪ್ಪಿಗೆ ಕೊಡಬೇಕಿತ್ತು. ನಗುವಿನ ಹುರುಪಿನಲ್ಲಿದ್ದ ಪನ್‌ಸೂ ಎಲ್ಲರಿಗಿಂತ ಮೇಲೆ ಕೈ ಎತ್ತಿದರು.

ಮುಂದಿನ ಭಾನುವಾರ ಇನ್‌ಸೊನ್ ಮಕ್ಕಳಿಗೂ ಪಾಠ ಮಾಡಿದಳು. ಯಾವ ದೊಡ್ಡವರಾದರೂ ಇದು ನಮ್ಮಿಬ್ಬರ ಗುಟ್ಟು, ಮನೆಯಲ್ಲಿ ಹೇಳಬೇಡ ಎಂದರೆ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ ಇನ್ನೊಬ್ಬ ದೊಡ್ಡವರಿಗೆ ಹೇಳಿಬಿಡಿ. ಮಕ್ಕಳು ತಲೆಯಾಡಿಸಿದರು. ಬೋರಾ ಹಿಂದಿನ ಸಾಲಿನಲ್ಲಿ ಗೆಳತಿಯ ಜಡೆ ಹೆಣೆಯುತ್ತಿದ್ದಳು.

*

ವ್ಯಾನಿಗೆ ಎರಡನೆಯವನಾಗಿ ತರಕಾರಿ ಅಂಗಡಿಯ ಬಾಂಗ್ ಸಿಕ್ಕಿದ. ಮದುವೆಯಾಗದವನು, ಮಾತುಗಾರ. ಮೊದಲ ವಾರ ಪನ್‌ಸೂ ಅವನ ಮಾತಿಗೆ ತಲೆನೋವು ಎಂದರು, ಎರಡನೆಯ ವಾರ ಈರುಳ್ಳಿ ಧಾರಣೆಯ ಬಗ್ಗೆ ಅವನ ಜೊತೆ ವಾದ ಮಾಡಿದರು, ಆಮೇಲಾಮೇಲೆ ಅವನಿಗಾಗಿ ಕಾಯತೊಡಗಿದರು.

ಎಲ್ಲರಿಗಿಂತ ಕೊನೆಗೆ ಇಳಿಯುವವಳು ಸೆಬೊಮ್. ಅಣೆಕಟ್ಟಿನ ಹಿನ್ನೀರಿನ ಪಕ್ಕದ ಹಟ್ಟಿಯಲ್ಲಿ ಅಜ್ಜಿಯ ಜೊತೆ ಇರುವ ಎರಡನೇ ಕ್ಲಾಸಿನ ಹುಡುಗಿ. ತಾಯಿ ದೂರದ ಕಾರ್ಖಾನೆಯಲ್ಲಿ. ಅಲ್ಲಿಗೆ ಹೋಗುವ ರಸ್ತೆ ತಿರುವಿನ ಮೇಲೆ ತಿರುವು. ಮಿಕ್ಕ ಮಕ್ಕಳೆಲ್ಲ ಇಳಿದ ಮೇಲೆ ಅವಳೊಬ್ಬಳಿಗಾಗಿ ವ್ಯಾನು ಅಷ್ಟು ದೂರ ಹೋಗುತ್ತಿತ್ತು.

ಅಕೇಶಿಯಾ ಹೂ ಬಿಟ್ಟ ಒಂದು ಭಾನುವಾರ, ಎಲ್ಲರೂ ಇಳಿದು ಸೆಬೊಮ್ ಒಬ್ಬಳೇ ಉಳಿದಿದ್ದಾಗ ಬಾಂಗ್‌ನ ಫೋನು ಬಡಿಯಿತು. ಎಲೆಕೋಸಿನ ಲಾರಿ ಅಂಗಡಿಯ ಮುಂದೆ ಬಂದು ನಿಂತಿದೆ, ಇಳಿಸಿಕೊಳ್ಳುವವರು ಇಲ್ಲ.

"ಇಲ್ಲೇ ಇಳಿದುಬಿಡ್ಲಾ ಹಿರಿಯರೇ? ಇನ್ನು ಒಂದೇ ಮನೆ ತಾನೆ?"

"ಇಳಿ, ಇಳಿ. ಬಿಸಿಲಿಗೆ ಬಾಡಿಹೋದ್ರೆ ನಿನ್ನ ಕೋಸು ಯಾರು ಕೊಳ್ತಾರೆ?"

ಆ ಸಂಜೆ ಊಟದ ಹೊತ್ತಿಗೆ ಪನ್‌ಸೂ ತಾವೇ ಇದನ್ನು ಹೇಳಿದರು. ಮುಚ್ಚಿಡುವುದು ಏನಾದರೂ ಇದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

"ಪಾಪ, ಆ ತಿರುವುಗಳಲ್ಲಿ ಮಗೂಗೆ ಹೊಟ್ಟೆ ತೊಳಸಿ ಬಂತು. ತಿಂದ ಶಾವಿಗೆಯೆಲ್ಲ ವಾಂತಿ. ಬಟ್ಟೆ ಮೇಲೆ, ಸೀಟಿನ ಮೇಲೆ. ವ್ಯಾನ್ ನಿಲ್ಲಿಸಿ ಮುಖ ತೊಳೆಸಿದೆ. ನಡುಗ್ತಿತ್ತು. ನನ್ನ ಕೋಟು ಹೊದಿಸಿ ಹಿನ್ನೀರಿನ ಕಟ್ಟೆ ಮೇಲೆ ಕೂರಿಸಿಕೊಂಡಿದ್ದೆ, ಬಾತುಕೋಳಿ ತೋರಿಸ್ತಾ. ಸ್ವಲ್ಪ ಹೊತ್ತಿಗೆ ಗೆಲುವಾಯ್ತು. ಅಲ್ಲಿ ಅವಳ ಅಜ್ಜಿ ಗಾಬರಿ ಬಿದ್ದು ದಾರಿಗೇ ಬಂದು ನಿಂತಿದ್ಲು."

"ನನಗೂ ಫೋನ್ ಮಾಡಿದ್ರು," ಎಂದಳು ಇನ್‌ಸೊನ್. "ಮಗು ಇನ್ನೂ ಬಂದಿಲ್ಲ ಅಂತ. ಬಾಂಗ್ ಎಲ್ಲಿದ್ರು ಮಾವ?"

"ಅವನ ಲಾರಿ ಬಂದಿತ್ತು. ಇಳಿದುಹೋದ."

ಇನ್‌ಸೊನ್ ಚಮಚ ಕೆಳಗಿಟ್ಟಳು.

"ಏನು?" ಎಂದರು ಪನ್‌ಸೂ.

"ಮಾವ, ಇದನ್ನ ನಾನು ಸಮಿತಿಗೆ ಹೇಳ್ಬೇಕಾಗುತ್ತೆ."

"ಯಾವುದನ್ನ?"

"ನೀವು ಒಬ್ಬರೇ ಅವಳ ಜೊತೆ ಇದ್ದದ್ದನ್ನ. ಇವತ್ತೇ ಹೇಳ್ಬೇಕು."

ಮೊದಲು ಸಿಡಿದವಳು ಓಕ್‌ಬುನ್.

"ವಾಂತಿ ಬಳಿದದ್ದಕ್ಕೆ ದೂರಾ? ಏನಮ್ಮಾ, ನಿನಗೆ ತಲೆ ನೆಟ್ಟಗಿದೆಯಾ?"

"ವಾಂತಿ ಬಳಿದದ್ದು ತಪ್ಪು ಅಂತ ಯಾರು ಅಂದ್ರು ಅತ್ತೆ? ಅವರು ಒಳ್ಳೇದೇ ಮಾಡಿದ್ದಾರೆ. ಆದ್ರೆ ಬಾಂಗ್ ಇಳಿದಾಗ ವ್ಯಾನ್ ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡಿದ್ರೆ ಯಾರಾದ್ರೂ ಬರ್ತಿದ್ವಿ. ಅಷ್ಟೇ ಆಗ್ಬೇಕಿತ್ತು."

"ಹಾಗಾದ್ರೆ ನಾನು ಏನೋ ಮಾಡಿದೆ ಅಂತೀಯಾ?" ಪನ್‌ಸೂ ಅವರ ದನಿ ಏರಲಿಲ್ಲ. ಅದೇ ಇನ್‌ಸೊನ್‌ಗೆ ಹೆಚ್ಚು ಕಷ್ಟವಾಯಿತು.

"ಇಲ್ಲ ಮಾವ. ನೀವು ಏನೂ ಮಾಡಿಲ್ಲ ಅಂತ ನನಗೆ ಗೊತ್ತು."

"ಗೊತ್ತಿದ್ದೂ ಹೇಳ್ತೀಯ."

"ಬೇರೆ ಯಾರೋ ಹೀಗೆ ಮಾಡಿದ್ರೆ ಹೇಳ್ತಿದ್ದೆ. ನಮ್ಮ ಮನೆಯವರು ಅಂತ ಬಿಟ್ರೆ, ನಾಳೆ ಇನ್ನೊಬ್ಬರು ಕೇಳ್ತಾರೆ, ನಿಮ್ಮ ಮಾವನಿಗಿಲ್ಲದ ನಿಯಮ ನನಗ್ಯಾಕೆ ಅಂತ. ಏನು ಉತ್ತರ ಕೊಡ್ಲಿ?"

"ನಿನ್ನ ಅಪ್ಪ ಆಗಿದ್ರೆ ಹೇಳ್ತಿದ್ಯಾ?" ಎಂದಳು ಓಕ್‌ಬುನ್.

ಇನ್‌ಸೊನ್ ಅತ್ತೆಯ ಮುಖ ನೋಡಿದಳು. "ಹೇಳ್ತಿದ್ದೆ. ಇಷ್ಟೇ ಭಯ ಪಟ್ಟುಕೊಂಡು ಹೇಳ್ತಿದ್ದೆ."

ತೇಗ್ಯೂ ಹೆಂಡತಿಯ ಮೊಣಕೈ ಮುಟ್ಟಿದ. "ಬಿಡೇ. ಇವತ್ತೊಂದು ದಿನ. ಅಪ್ಪ ಇನ್ನೊಂದು ಸಲ ಮಾಡಲ್ಲ. ಅಲ್ವೇನಪ್ಪಾ?"

ಪನ್‌ಸೂ ಮಗನ ಕಡೆಯೂ ನೋಡಲಿಲ್ಲ. "ಹೇಳಿಕೊಳ್ಳಲಿ. ಫೋನ್ ಮೇಜಿನ ಮೇಲಿದೆ. ನಾನು ಕೈ ಎತ್ತಿದವನು. ಬೇಡ ಅನ್ನಲ್ಲ," ಎಂದು ಎದ್ದುಹೋದರು. ಅನ್ನ ಅರ್ಧ ಬಟ್ಟಲು ಹಾಗೇ ಉಳಿದಿತ್ತು. ಆ ಮನುಷ್ಯ ಬಟ್ಟಲಲ್ಲಿ ಅನ್ನ ಬಿಟ್ಟು ಎದ್ದದ್ದನ್ನು ಆ ಮನೆಯವರು ಯಾರೂ ಕಂಡಿರಲಿಲ್ಲ.

ಇನ್‌ಸೊನ್ ಅಂಗಳಕ್ಕೆ ಹೋಗಿ ಸೋಯಾ ಹುದುಗಲಿಟ್ಟ ಜಾಡಿಗಳ ಪಕ್ಕ ನಿಂತು ಫೋನ್ ಮಾಡಿದಳು. ಒಳಗೆ ಬಂದಾಗ ಅತ್ತೆ ಪಾತ್ರೆ ತೊಳೆಯುತ್ತಿದ್ದಳು. ಅದು ಸೊಸೆಯ ಪಾಳಿ. "ಕೊಡಿ ಅತ್ತೆ," ಎಂದರೆ ಓಕ್‌ಬುನ್ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಆ ಸಂಜೆಯ ಪ್ರಾರ್ಥನೆಯಲ್ಲಿ ಪನ್‌ಸೂ ಎಂದಿನ ಹಾಗೆ ಹೆಸರು ಹಿಡಿದು ಬೇಡಿದರು. ಪಾಸ್ಟರ್, ಕಾಯಿಲೆಯವರು, ಮಗ ತೇಗ್ಯೂ, ಮೊಮ್ಮಗಳು ಬೋರಾ. ಬೋರಾ ಒಂದು ಕಣ್ಣು ತೆರೆದು ಅಮ್ಮನನ್ನು ನೋಡಿದಳು. ಇನ್‌ಸೊನ್ ತಲೆ ಬಗ್ಗಿಸಿಕೊಂಡೇ ಇದ್ದಳು. ವ್ಯಾನಿನ ಮಕ್ಕಳ ಹೆಸರುಗಳು ಒಂದಾದ ಮೇಲೊಂದು ಬಂದವು. ಕೊನೆಯದು ಸೆಬೊಮ್‌ಳದು.

*

ಸಮಿತಿ ಸೇರಿತು. ಪಾಸ್ಟರ್ ಸೆಬೊಮ್‌ಳ ಹಟ್ಟಿಗೇ ಹೋಗಿ ಅವಳ ಅಜ್ಜಿಯ ಜೊತೆ ಮಾತಾಡಿ ಬಂದರು. ಏನೂ ಕೆಟ್ಟದ್ದು ನಡೆದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು, ಹಾಗೆಂದೇ ತೀರ್ಮಾನವಾಯಿತು. ಆದರೂ ಸುಗ್ಗಿಯ ಹಬ್ಬದ ತನಕ ಪನ್‌ಸೂ ವ್ಯಾನು ಓಡಿಸುವಂತಿಲ್ಲ, ಬಾಂಗ್ ವ್ಯಾನು ಹತ್ತುವಂತಿಲ್ಲ ಎಂದರು. ಬಾಂಗ್ ಅಂಗಡಿಗೆ ಬಂದವರಿಗೆಲ್ಲ ಎಲೆಕೋಸಿನ ಲಾರಿಯ ಕಥೆ ಹೇಳಿ ಹಗುರಾದ. ಪನ್‌ಸೂ ಯಾರಿಗೂ ಏನೂ ಹೇಳಲಿಲ್ಲ. ವ್ಯಾನನ್ನು ಒಳಗೂ ಹೊರಗೂ ತೊಳೆದು, ಗಾಳಿ ನೋಡಿ, ಬೀಗದ ಕೈಯನ್ನು ಪಾಸ್ಟರರ ಕೈಗೆ ಕೊಟ್ಟು, ಕೈಬೀಸಿಕೊಂಡು ನಡೆದು ಮನೆಗೆ ಬಂದರು.

ಅಂದಿನಿಂದ ಅವರು ಸೊಸೆಯ ಜೊತೆ ಮಾತು ಬಿಟ್ಟರು. ಜಗಳವಿರಲಿಲ್ಲ. ಉಪ್ಪು ಬೇಕಾದರೆ, "ಬೋರಾ, ಉಪ್ಪು ಕೊಡೋಕೆ ಹೇಳು," ಎನ್ನುತ್ತಿದ್ದರು. ಉಪ್ಪಿನ ಬಟ್ಟಲು ಇನ್‌ಸೊನ್‌ಳ ಮುಂದೆಯೇ ಇರುತ್ತಿತ್ತು.

"ಅಮ್ಮ, ಉಪ್ಪು ಕೊಡೋಕೆ ಹೇಳು ಅಂತಿದ್ದಾರೆ ಅಜ್ಜ."

"ತಗೊಳ್ಳಿ ಮಾವ."

"ಅಜ್ಜ, ತಗೊಳ್ಳಿ ಅಂತಿದ್ದಾಳೆ ಅಮ್ಮ. ನಾನೇನು ಪೋಸ್ಟ್ ಆಫೀಸಾ?"

ಓಕ್‌ಬುನ್‌ಳ ರೀತಿ ಬೇರೆ. ಅವಳು ಮಾತು ಬಿಡಲಿಲ್ಲ, ಹೆಚ್ಚಿಸಿದಳು. ಎಳೆಮೂಲಂಗಿ ಕಿಮ್ಚಿ ಹಾಕಲು ಇಬ್ಬರೂ ಅಂಗಳದಲ್ಲಿ ಕೂತ ದಿನ, ಕೆಂಪುಮೆಣಸಿನ ಪುಡಿ ಕಲಸುವ ಕೈಗಿಂತ ಬಾಯಿ ಜೋರಾಗಿ ಓಡಿತು.

"ಚರ್ಚಿನ ಅಡುಗೆಮನೆಯಲ್ಲಿ ನಾನು ಒಳಗೆ ಹೋದ್ರೆ ಮಾತು ನಿಲ್ಲಿಸ್ತಾರೆ ಗೊತ್ತಾ? ಶಾವಿಗೆ ಬೇಯಿಸೋ ದೊಡ್ಡ ಪಾತ್ರೆ ಮುಂದೆ ಇಷ್ಟು ವರ್ಷ ನಿಂತಿದ್ದೀನಿ. ಈಗ ಈರುಳ್ಳಿ ಹೆಚ್ಚಿ ಅಂತ ಮೂಲೆಗೆ ಕಳಿಸ್ತಾರೆ."

"ಯಾರು ಹಾಗೆ ಮಾಡಿದ್ದು? ನಾನು ಮಾತಾಡ್ತೀನಿ."

"ನೀನು ಮಾತಾಡಿದ್ದೇ ಸಾಕು!"

ಇನ್‌ಸೊನ್ ಮೂಲಂಗಿಗೆ ಉಪ್ಪು ಸವರಿದಳು. "ಅತ್ತೆ, ನಾನು ಮುಚ್ಚಿಟ್ಟಿದ್ರೆ, ಆಮೇಲೆ ಸೆಬೊಮ್‌ಳ ಅಜ್ಜಿಯೇ ಯಾರಿಗೋ ಹೇಳಿದ್ರೆ? ಸೊಸೆ ಸಮಿತಿಯಲ್ಲಿದ್ಲು, ಮಾವನದ್ದು ಮುಚ್ಚಿಟ್ಲು ಅಂತಿದ್ರು. ಮುಚ್ಚಿಟ್ಟದ್ದು ಅಂದ ಮೇಲೆ ಏನೋ ಇರ್ಲೇಬೇಕು ಅಂತಿದ್ರು. ಆಗ ಮಾವನ ಹೆಸರು ಏನಾಗ್ತಿತ್ತು?"

ಓಕ್‌ಬುನ್ ಕೈ ನಿಲ್ಲಿಸಿದಳು. ಅದನ್ನು ಅವಳು ಯೋಚಿಸಿರಲಿಲ್ಲ. ಆದರೆ ಸೋಲುವವಳೂ ಅಲ್ಲ. "ಉಪ್ಪು ಜಾಸ್ತಿ ಹಾಕ್ತಿದ್ದೀಯ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ತಾನು ಕಲಸಿದ ಮೂಲಂಗಿಯ ಒಂದು ಎಸಳನ್ನು ಕೈಯಿಂದಲೇ ಸೊಸೆಯ ಬಾಯಿಗೆ ಇಟ್ಟಳು. "ಖಾರ ಸಾಕಾ ನೋಡು. ನಾಲಿಗೆಯಾದ್ರೂ ನೆಟ್ಟಗಿದೆ ನಿಂದು."

ತೇಗ್ಯೂ ಹೊರಗೆ ಹೆಚ್ಚು ಹೊತ್ತು ಇರತೊಡಗಿದ. ಬೇಸಿಗೆ ಹತ್ತಿರ ಬಂದಾಗ ಬಾಯ್ಲರ್ ಕೆಲಸ ಕಡಿಮೆ. ಆದರೂ ಅವನಿಗೆ ಕೆಲಸ ಸಿಗುತ್ತಿತ್ತು. ಒಂದು ದಿನ ಹೆಂಡತಿ ಬಟ್ಟೆ ಮಡಿಸುವಾಗ ಅಂದ: "ನೀನು ಹೇಳಿದ್ದು ಸರಿ ಅಂತ ನನಗೂ ಗೊತ್ತು. ಸರಿಯಾಗಿದ್ದುಕೊಂಡು ಈ ಮನೆಯಲ್ಲಿ ಊಟ ಮಾಡೋದು ಕಷ್ಟ ಆಗಿದೆ ಅಷ್ಟೆ."

"ನನಗೆ ಸುಲಭ ಇದೆಯಾ?"

"ಅಪ್ಪ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾರೆ ಗೊತ್ತಾ? ಚರ್ಚಿನ ಹಿತ್ತಲಿಗೆ. ವ್ಯಾನಿನ ಗಾಜು ಒರೆಸಿ ಬರ್ತಾರೆ. ಓಡಿಸಬಾರದು ಅಂದಿದ್ದಾರೆ, ಒರೆಸಬಾರದು ಅಂದಿಲ್ವಂತೆ."

ಇನ್‌ಸೊನ್ ಮಡಿಸುತ್ತಿದ್ದ ಅಂಗಿ ಮಾವನದು. ಅದನ್ನು ಬಿಚ್ಚಿ ಮತ್ತೊಮ್ಮೆ ಮಡಿಸಿದಳು.

ಭಾನುವಾರಗಳಲ್ಲಿ ಈಗ ಇಬ್ಬರು ಹೆಂಗಸರು ವ್ಯಾನು ತರುತ್ತಿದ್ದರು. ತಿರುವುಗಳಿಗೆ ಹೆದರಿ ನಿಧಾನ ಓಡಿಸುತ್ತಿದ್ದುದರಿಂದ ಮಕ್ಕಳಿಗೆ ಮೊದಲ ಹಾಡು ತಪ್ಪಿಹೋಗುತ್ತಿತ್ತು. ಸೆಬೊಮ್ ಇಳಿದ ಕೂಡಲೇ ಪನ್‌ಸೂ ಅವರನ್ನು ಹುಡುಕಿಕೊಂಡು ಬರುತ್ತಿದ್ದಳು.

"ವ್ಯಾನಜ್ಜ, ನಾನು ವಾಂತಿ ಮಾಡಿದ್ದಕ್ಕೆ ನಿಮಗೆ ಬೈದ್ರಾ?"

ಎಲ್ಲರೂ ಕಾಣುವ ಚರ್ಚಿನ ಅಂಗಳದ ನಡುವೆ ಪನ್‌ಸೂ ಮೊಣಕಾಲು ಮಡಿಸಿ ಅವಳ ಎತ್ತರಕ್ಕೆ ಕೂತರು. "ನಿನ್ನಿಂದ ಏನೂ ಆಗಿಲ್ಲ ಪುಟ್ಟಿ. ಅಜ್ಜ ಒಂದು ನಿಯಮ ಮರೆತುಬಿಟ್ಟೆ. ದೊಡ್ಡವರೂ ಮರೀತಾರೆ."

ಬೋರಾ ಅಲ್ಲೇ ಚಪ್ಪಲಿ ಕಳಚುತ್ತಿದ್ದಳು. ಅಜ್ಜನ ಮುಖವನ್ನು ಬಹಳ ಹೊತ್ತು ನೋಡಿದಳು.

*

ಭತ್ತದ ನಾಟಿ ಮುಗಿದ ಮೇಲೆ ಒಂದು ದಿನ, ಸಂಜೆ ಬೆಳಕು ಇನ್ನೂ ಇರುವಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಗರಿಗರಿಯಾಗಿ ಹುರಿದ ಬಂಗುಡೆ ಮೀನು, ಸೋಯಾ ಸಾರು, ಹೊಸ ಮೂಲಂಗಿ ಕಿಮ್ಚಿ.

"ನಾನು ನಾಳೆಯಿಂದ ಲೆಕ್ಕದ ಟ್ಯೂಷನ್‌ಗೆ ಹೋಗಲ್ಲ," ಎಂದಳು ಬೋರಾ.

"ಹೋಗದೆ?" ಎಂದ ತೇಗ್ಯೂ. "ಈಗ ತಾನೆ ತಿಂಗಳ ಫೀಸು ಕಟ್ಟಿದ್ದೀನಿ. ಎಲ್ಲ ಮಕ್ಕಳೂ ಹೋಗಲ್ವಾ? ಸೋಮಾರಿ."

"ಸೋಮಾರಿ ಅಲ್ಲ."

"ಮತ್ತೆ?"

ಬೋರಾ ಮೀನಿನ ಚರ್ಮವನ್ನು ಊಟದ ಕಡ್ಡಿಯಿಂದ ಕೆದಕಿದಳು. "ಎಲ್ಲರೂ ಹೋದ ಮೇಲೆ ಸರ್ ನನ್ನೊಬ್ಬಳನ್ನೇ ಇರು ಅಂತಾರೆ. ಬಾಗಿಲು ಹಾಕ್ತಾರೆ. ಐಸ್‌ಕ್ರೀಮ್ ಕೊಡಿಸ್ತಾರೆ. ಪಕ್ಕದಲ್ಲೇ ಕೂತು ಹೆಗಲ ಮೇಲೆ ಕೈ ಹಾಕ್ತಾರೆ, ತೆಗೀರಿ ಅಂದ್ರೂ ತೆಗೆಯಲ್ಲ. ಮನೇಲಿ ಹೇಳ್ಬೇಡ, ನಮ್ಮಿಬ್ಬರಿಗೇ ಗೊತ್ತಿರ್ಲಿ ಅಂತಾರೆ."

ಇನ್‌ಸೊನ್ ಮಗಳ ಕಡೆ ತಿರುಗಿ ಕೂತಳು.

"ಸರ್ ತುಂಬ ಒಳ್ಳೆಯವರು ಅಂತ ಎಲ್ಲರೂ ಅಂತಾರೆ," ಎಂದಳು ಬೋರಾ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸುವುದು ಅವಳಿಗೆ ಬರಲಿಲ್ಲ. "ಅಪ್ಪಾನೂ ಅಂದಿದ್ರಿ. ಅದಕ್ಕೆ ಹೇಳಿದ್ರೆ ಯಾರೂ ನಂಬಲ್ಲ ಅಂದ್ಕೊಂಡಿದ್ದೆ. ಆದ್ರೆ ಅಮ್ಮ ಅಜ್ಜನ ಮೇಲೇ ಹೇಳಿದ್ಲಲ್ಲ. ಅಜ್ಜನಷ್ಟು ಒಳ್ಳೆಯವರ ಮೇಲೆ ಹೇಳಬಹುದು ಅಂದ್ರೆ ಸರ್ ಮೇಲೂ ಹೇಳಬಹುದು ಅಂತ."

ತೇಗ್ಯೂ ಎದ್ದ ರಭಸಕ್ಕೆ ಸಾರು ಚೆಲ್ಲಿತು. ಅವನಿಗಿಂತ ಮೊದಲು ಪನ್‌ಸೂ ಬಾಗಿಲಲ್ಲಿದ್ದರು. ಒಂದು ಕಾಲಿಗೆ ಶೂ ಹಾಕಿಯಾಗಿತ್ತು. ಇನ್ನೊಂದರ ಹಿಮ್ಮಡಿ ಒಳಗೆ ಹೋಗುತ್ತಿರಲಿಲ್ಲ.

"ಎಲ್ಲಿದೆ ಅವನ ಮನೆ? ತೇಗ್ಯೂ, ಗಾಡಿ ತೆಗಿ."

"ಮಾವ, ನಿಲ್ಲಿ," ಎಂದಳು ಇನ್‌ಸೊನ್. ಅವಳ ಮುಖ ಬಿಳಿಚಿತ್ತು, ದನಿ ನೆಟ್ಟಗಿತ್ತು. "ರೀ, ನೀವೂ ನಿಲ್ಲಿ. ಈಗ ನೀವಿಬ್ಬರೂ ಹೋಗಿ ಹೊಡೆದ್ರೆ ನಾಳೆ ಠಾಣೆಯಲ್ಲಿ ಮಾತಾಡೋದು ನಿಮ್ಮ ಹೊಡೆತದ ಬಗ್ಗೆ. ಸಾಕ್ಷಿ ಅಳಿಸೋಕೆ ಅವನಿಗೆ ಸಮಯ ಸಿಗುತ್ತೆ. ನಾನು ಪೊಲೀಸರಿಗೆ ಫೋನ್ ಮಾಡ್ತೀನಿ. ಮಕ್ಕಳ ಹತ್ರ ಮಾತಾಡೋಕೆ ಅಂತಲೇ ಅವರಲ್ಲಿ ಜನ ಇದ್ದಾರೆ. ಅವರು ಬರೋ ತನಕ ಯಾರೂ ಅವಳನ್ನ ಕೆದಕಿ ಕೇಳ್ಬಾರ್ದು. ಅತ್ತೆ, ನೀವೂ ಕೇಳ್ಬಾರ್ದು."

ಬಾಯಿ ತೆರೆದಿದ್ದ ಓಕ್‌ಬುನ್ ಮುಚ್ಚಿಕೊಂಡಳು.

ಇನ್‌ಸೊನ್ ಮಗಳ ಹತ್ತಿರ ಹೋಗಿ ಕೂತು, "ನೀನು ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ," ಎಂದಳು. ಫೋನ್ ತೆಗೆದುಕೊಂಡು ಎದ್ದಳು. ತೇಗ್ಯೂ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಬಾಗಿಲ ಬಳಿ ಪನ್‌ಸೂ ದಾರಿಗೆ ಅಡ್ಡವಾಗಿದ್ದರು. ಸೊಸೆಯ ಮುಖವನ್ನು ಅವರು ಅಷ್ಟು ವಾರಗಳಲ್ಲಿ ಮೊದಲ ಬಾರಿ ನೋಡಿದರು.

"ನಾನೇನು ಮಾಡ್ಲಿ ಹಾಗಾದ್ರೆ?" ಎಂದರು. "ನೀನೇ ಹೇಳಮ್ಮ."

"ಅವಳ ಪಕ್ಕ ಕೂತು ಊಟ ಮಾಡಿ ಮಾವ. ಎಂದಿನ ಹಾಗೆ. ಏನೂ ಕೇಳ್ಬೇಡಿ."

"ಅಷ್ಟೇನಾ?"

"ಅಷ್ಟೇ. ಅದು ಸುಲಭ ಅಲ್ಲ."

ಪನ್‌ಸೂ ಶೂ ಕಳಚಿದರು. ಮೇಜಿಗೆ ಮರಳಿ ಬಂದು ಮೊಮ್ಮಗಳ ಪಕ್ಕ ಕೂತರು. ಓಕ್‌ಬುನ್ ಚೆಲ್ಲಿದ ಸಾರನ್ನು ಒರೆಸಿ, ಎಲ್ಲರ ಬಟ್ಟಲಿಗೂ ಬಿಸಿಯದು ಬಡಿಸಿದಳು. ತೇಗ್ಯೂ ಕೂಡ ಬಂದು ಎದುರಿಗೆ ಕೂತ.

"ಅಜ್ಜ, ನನ್ನ ಮೇಲೆ ಸಿಟ್ಟಾ?"

"ಇಲ್ಲ."

"ಅಮ್ಮನ ಮೇಲೆ?"

ಪನ್‌ಸೂ ಬಂಗುಡೆಯ ಬೆನ್ನನ್ನು ಕಡ್ಡಿಯಿಂದ ಬಿಡಿಸಿ, ಮುಳ್ಳು ತೆಗೆದು, ಬಿಳಿಯ ಭಾಗವನ್ನು ಅವಳ ಅನ್ನದ ಮೇಲೆ ಇಟ್ಟರು.

"ತಿನ್ನು," ಎಂದರು.

ಅಂಗಳದಿಂದ ಇನ್‌ಸೊನ್‌ಳ ದನಿ ಒಳಗೆ ಕೇಳಿಬರುತ್ತಿತ್ತು. ಊರಿನ ಹೆಸರು, ಮನೆಗೆ ಬರುವ ದಾರಿ, ಮಗುವಿನ ವಯಸ್ಸು. ಯಾರೋ ಏನೋ ಕೇಳುತ್ತಿದ್ದರು, ಅವಳು ನಿಧಾನವಾಗಿ ಉತ್ತರಿಸುತ್ತಿದ್ದಳು. ಬೋರಾ ಮೀನು ಬಾಯಿಗಿಟ್ಟಳು. ಕೇಳಬೇಕೆಂದಿದ್ದ ನೂರು ಮಾತುಗಳು ಪನ್‌ಸೂ ಅವರ ಬಾಯ ತನಕ ಬಂದವು. ಅವರು ಚಮಚದ ತುಂಬ ಅನ್ನ ತೆಗೆದುಕೊಂಡು ಅವುಗಳ ಮೇಲೆ ಹಾಕಿದರು. ಪಕ್ಕದಲ್ಲಿ ಅವಳು ಅಗಿಯುತ್ತಿದ್ದಳು, ಹಾಗಾಗಿ ಅವರೂ ಅಗಿದರು.